ನಕ್ಕವರ ಮುಂದೆ ನಿಂತು ಹಾಡಿದವರು

ಗೆಳೆಯರೇ, ಈ ವಾರ ಗಾಂಧಿನಗರದ ಸುದ್ದಿ ಇಲ್ಲ. ಯಾವ ನಾಯಕಿ ಯಾರ ಕಾರಿನಿಂದ ಇಳಿದಳು, ಯಾವ ನಿರ್ಮಾಪಕರ ಚೆಕ್ಕು ವಾಪಸ್ಸು ಬಂತು ಅನ್ನೋದೆಲ್ಲ ಮುಂದಿನ ವಾರಕ್ಕಿರಲಿ. ಕಾರಣ, ಕಚೇರಿಗೆ ಬಂದ ಒಂದು ಪತ್ರ.

ಬರೆದವನು ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪತ್ರಿಕೆ ಕೊಂಡು ಓದೋ ಹುಡುಗ. ಹೆಸರು ಹಾಕಬೇಡಿ ಅಂದಿದಾನೆ, ಹಾಕೋಲ್ಲ. ಪತ್ರ ಹೀಗಿದೆ: “ಅಣ್ಣಾರ, ನಾ ನಮ್ಮ ಕಡೀ ಮಾತಿನ್ಯಾಗ ರ‍್ಯಾಪ್ ಹಾಡು ಬರೀತೀನಿ. ಬೆಂಗಳೂರಾಗಿರೋ ದೋಸ್ತರು ಕೇಳಿ ನಗ್ತಾರ. ಹಿಂಗ ಹಾಡಿದ್ರ ಯಾರೂ ಕೇಳಂಗಿಲ್ಲ, ಬೆಂಗಳೂರು ಭಾಷಾ ಕಲಿ, ಇಲ್ಲಾಂದ್ರ ಇಂಗ್ಲೀಷಿನ್ಯಾಗ ಹಾಡು ಅಂತಾರ. ಬದಲು ಮಾಡ್ಲೇನು, ಬ್ಯಾಡೇನು? ನೀವ ಹೇಳ್ರಿ.”

ತಮ್ಮಾ, ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು. ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ. ಆದರೆ ನಿನ್ನ ಪತ್ರ ಓದಿ ಎರಡು ದಿನ ನಿದ್ದೆ ಬರಲಿಲ್ಲ. ಯಾಕೆ ಅನ್ನೋದನ್ನ ಕೊನೆಯಲ್ಲಿ ಹೇಳ್ತೀನಿ. ಮೊದಲು ಒಂದು ಕಥೆ ಕೇಳು. ಅಮೆರಿಕದ ಕಥೆ, ಆದ್ರೆ ಅಲ್ಲಿಯ ದಕ್ಷಿಣ ಸೀಮೆಯದು.

ಪ್ರಶಸ್ತಿ ಕೊಟ್ಟು ಉಗಿದರು!

1995ರ ಆಗಸ್ಟ್ 3. ನ್ಯೂಯಾರ್ಕ್ ನಗರ. ‘ಸೋರ್ಸ್’ ಅನ್ನೋ ರ‍್ಯಾಪ್ ಪತ್ರಿಕೆಯ ಪ್ರಶಸ್ತಿ ಸಮಾರಂಭ. ಸಭಾಂಗಣ ಕೆಂಡದ ಹಾಗಿತ್ತು. ಪೂರ್ವ ಕರಾವಳಿಯ ನ್ಯೂಯಾರ್ಕಿನವರಿಗೂ ಪಶ್ಚಿಮ ಕರಾವಳಿಯ ಲಾಸ್ ಏಂಜಲೀಸಿನವರಿಗೂ ಜಗಳ ಹತ್ತಿಕೊಂಡಿದ್ದ ಕಾಲ. ಆ ಇಬ್ಬರ ನಡುವೆ ಹೊಸ ತಂಡಕ್ಕೆ ಕೊಡೋ ಪ್ರಶಸ್ತಿ ಯಾರಿಗೆ ಬಂತು ಗೊತ್ತಾ? ಎರಡೂ ಕಡೆಯವರಲ್ಲದ ‘ಔಟ್‌ಕಾಸ್ಟ್’ ತಂಡಕ್ಕೆ! ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಊರಿನ ಇಬ್ಬರು ಹುಡುಗರು, ಆಂದ್ರೆ ಬೆಂಜಮಿನ್ ಮತ್ತು ಆಂಟ್ವಾನ್ ಪ್ಯಾಟನ್. ಇಬ್ಬರಿಗೂ ಆಗ ಇಪ್ಪತ್ತರ ಪ್ರಾಯ.

ಹೆಸರು ಕೂಗಿದ್ದೇ ತಡ, ಸಭೆ ‘ಹೋ’ ಅಂತ ಅರಚಿತು. ಚಪ್ಪಾಳೆಯ ಕೂಗಲ್ಲ ಸ್ವಾಮೀ, ಛೀಮಾರಿ! ಹುಡುಗರು ಮೆಟ್ಟಿಲು ಹತ್ತಿದರು. ಪ್ಯಾಟನ್ ಎಲ್ಲರಿಗೂ ಮರ್ಯಾದೆಯಿಂದ ವಂದನೆ ಹೇಳಿದ. ಆಮೇಲೆ ಆಂದ್ರೆ ಮೈಕಿನ ಮುಂದೆ ಬಂದ. ಗಂಟಲು ನಡುಗುತ್ತಿತ್ತು. ಕಿವಿ ಮುಚ್ಚಿಕೊಂಡಿರೋ ಜನರನ್ನ ನೋಡಿ ಸಾಕಾಗಿದೆ ಅನ್ನೋ ಅರ್ಥದಲ್ಲಿ ಎರಡು ಮಾತಾಡಿ, ದಕ್ಷಿಣದವರಿಗೂ ಹೇಳೋದಿದೆ ಅಂದ. ಅಷ್ಟೇ. ಇಳಿದು ಹೋದ.

ಆ ವಿಡಿಯೋ ಇವತ್ತಿಗೂ ಸಿಗುತ್ತೆ, ನೋಡಿ. ಆ ಒಂದು ಸಾಲಿನ ಮಾತನ್ನ ಅಲ್ಲಿಯ ರ‍್ಯಾಪ್ ಇತಿಹಾಸ ಎರಡು ಭಾಗ ಆದ ಜಾಗ ಅಂತಾರೆ.

ಅಷ್ಟು ಸಿಟ್ಟು ಯಾಕೆ ಅಂತೀರಾ? ರ‍್ಯಾಪ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಯಲ್ಲಿ, 1973ರಲ್ಲಿ. ರೆಕಾರ್ಡು ಕಂಪನಿ, ಪತ್ರಿಕೆ, ರೇಡಿಯೋ ಎಲ್ಲ ಅಲ್ಲೇ, ಇಲ್ಲಾ ಲಾಸ್ ಏಂಜಲೀಸಿನಲ್ಲಿ. ದಕ್ಷಿಣ ಅಂದ್ರೆ ಅವರ ಕಣ್ಣಿಗೆ ಹತ್ತಿ ಹೊಲ, ಗುಲಾಮಗಿರಿ, ಎಳೆದೆಳೆದು ಮಾತಾಡೋ ಹಳ್ಳಿಗಮಾರರು. ಎಷ್ಟೋ ಕಪ್ಪು ಜನರ ಅಜ್ಜ ಅಜ್ಜಿ ಅದೇ ದಕ್ಷಿಣ ಬಿಟ್ಟು ಉತ್ತರಕ್ಕೆ ಗುಳೆ ಬಂದವರು. ಮೊಮ್ಮಕ್ಕಳಿಗೆ ಅಜ್ಜಿ ಊರಿನ ಮಾತು ಕೇಳಿದರೆ ನಗು! ಪೇಟೆಯಲ್ಲಿ ನಾಲ್ಕು ವರ್ಷ ಕಳೆದ ಮೇಲೆ ನಮ್ಮವರಿಗೂ ಹಿಡಿಯೋ ಕಾಯಿಲೆ ತಾನೇ ಇದು?

ಕಾರು ಮಾರುತ್ತಿದ್ದವನ ಕಂಪನಿ

ಆದ್ರೆ ಒಂದು ಮಾತು. ದಕ್ಷಿಣ ಅವತ್ತು ಬಾಯಿ ಬಿಟ್ಟಿದ್ದಲ್ಲ. ಅದಕ್ಕೂ ಮುಂಚೆ ಹತ್ತು ವರ್ಷದಿಂದ ಹೇಳುತ್ತಲೇ ಇತ್ತು.

ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಊರು. ಫಿಫ್ತ್ ವಾರ್ಡ್ ಅಂತ ಬಡವರ ಕೇರಿ. ಅಲ್ಲಿ ಜೇಮ್ಸ್ ಪ್ರಿನ್ಸ್ ಅನ್ನೋನು ಕಾರು ವ್ಯಾಪಾರ ಮಾಡ್ತಿದ್ದ. ತನ್ನ ತಮ್ಮ ಬೀದಿ ಪಾಲಾಗಬಾರದು ಅಂತ ಎಂಬತ್ತರ ದಶಕದ ನಡುವೆ ‘ರ‍್ಯಾಪ್-ಎ-ಲಾಟ್’ ಅನ್ನೋ ರೆಕಾರ್ಡು ಕಂಪನಿ ತೆಗೆದ. ಆ ಕಂಪನಿಯ ತಂಡವೇ ‘ಗೆಟೋ ಬಾಯ್ಸ್’. ಅದರಲ್ಲಿ ಮೂವರ ಹೆಸರು ನೆನಪಿಡಿ. ವಿಲ್ಲಿ ಡಿ. ಜಮೈಕಾದಲ್ಲಿ ಹುಟ್ಟಿದ ಕುಳ್ಳ ಬುಶ್ವಿಕ್ ಬಿಲ್. ಇನ್ನೊಬ್ಬ ಬ್ರಾಡ್ ಜೋರ್ಡನ್, ನಮ್ಮ ಹಾಗೆ ಸಿನಿಮಾ ಹುಚ್ಚ! 1983ರ ಅಲ್ ಪಚಿನೋ ಚಿತ್ರ ‘ಸ್ಕಾರ್‌ಫೇಸ್’ ಹೆಸರನ್ನೇ ತನಗೆ ಇಟ್ಟುಕೊಂಡ.

ಇವರ ಹಾಡುಗಳಲ್ಲಿ ರಕ್ತ ಜಾಸ್ತಿ, ಬೈಗುಳ ಜಾಸ್ತಿ. 1990ರಲ್ಲಿ ಗೆಫೆನ್ ಅನ್ನೋ ದೊಡ್ಡ ಕಂಪನಿ ಇವರ ರೆಕಾರ್ಡನ್ನ ನಾವು ಹಂಚೋದಿಲ್ಲ ಅಂದುಬಿಟ್ಟಿತು. ಮರುವರ್ಷ, 1991ರಲ್ಲಿ ‘ಮೈಂಡ್ ಪ್ಲೇಯಿಂಗ್ ಟ್ರಿಕ್ಸ್ ಆನ್ ಮಿ’ ಬಂತು. ಅದರಲ್ಲಿ ಗೂಂಡಾ ಎದೆ ಬಡಿದುಕೊಳ್ಳೋದಿಲ್ಲ. ರಾತ್ರಿ ನಿದ್ದೆ ಬಾರದೆ, ನೆರಳು ಕಂಡ್ರೂ ಬೆಚ್ಚಿ ಬೀಳ್ತಾನೆ. ಗಂಡಸು ಹೆದರಿಕೆಯನ್ನ ಹೀಗೆ ಬಾಯಿಬಿಟ್ಟು ಹೇಳಿಕೊಂಡಿದ್ದು ಆ ಕಾಲದ ರ‍್ಯಾಪ್‌ನಲ್ಲಿ ಅಪರೂಪ. ಅದಕ್ಕೇ ಅದು ಇವತ್ತಿಗೂ ಉಳಿದಿದೆ.

ಆ ಹಾಡಿನ ಗಿಟಾರು ಎಲ್ಲಿಂದ ಬಂತು ಅಂದ್ರೆ, ಐಸಾಕ್ ಹೇಯ್ಸ್ ಅನ್ನೋ ಸಂಗೀತಗಾರ 1974ರಲ್ಲಿ ಒಂದು ಸಿನಿಮಾಕ್ಕೆ ಮಾಡಿದ ಟ್ಯೂನಿನಿಂದ. ಈ ಹೇಯ್ಸ್ ಹೆಸರನ್ನ ಜೇಬಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಇನ್ನೊಂದು, 1999ರಲ್ಲಿ ‘ಆಫೀಸ್ ಸ್ಪೇಸ್’ ಅಂತ ಒಂದು ನಗೆಚಿತ್ರ ಬಂತು. ಕೆಲಸ ಸಾಕಾದ ಗುಮಾಸ್ತನೊಬ್ಬ ಆಫೀಸಿನಲ್ಲಿ ರಾಜನ ಹಾಗೆ ಓಡಾಡೋ ದೃಶ್ಯಕ್ಕೆ ಗೆಟೋ ಬಾಯ್ಸ್ ಹಾಡು. ಕೇರಿಯ ಹಾಡನ್ನ ಟೈ ಕಟ್ಟಿದವರೂ ಗುನುಗುವ ಹಾಗಾಯ್ತು! ಬುಶ್ವಿಕ್ ಬಿಲ್ 2019ರಲ್ಲಿ ತೀರಿಕೊಂಡ.

ಎಣ್ಣೆ ಕಾರ್ಖಾನೆಯ ಊರಿನ ಜೋಡಿ

ಹ್ಯೂಸ್ಟನ್ ಆದರೂ ದೊಡ್ಡ ಊರು. ಪೋರ್ಟ್ ಆರ್ಥರ್ ಗೊತ್ತಾ? ಸಮುದ್ರದಂಚು, ಎಲ್ಲಿ ನೋಡಿದರೂ ಪೆಟ್ರೋಲು ಶುದ್ಧ ಮಾಡೋ ಕಾರ್ಖಾನೆ ಚಿಮಣಿ. ಅಲ್ಲಿಂದ ಬಂದ ಜೋಡಿ ‘ಯುಜಿಕೆ’. ಚಾಡ್ ಬಟ್ಲರ್ ಅಲಿಯಾಸ್ ಪಿಂಪ್ ಸಿ, ಬರ್ನಾರ್ಡ್ ಫ್ರೀಮನ್ ಅಲಿಯಾಸ್ ಬನ್ ಬಿ.

ಪಿಂಪ್ ಸಿ ಬರೀ ಹಾಡುಗಾರನಲ್ಲ, ಸಂಗೀತವನ್ನೂ ಅವನೇ ಕಟ್ಟೋನು. ಚರ್ಚಿನ ಆರ್ಗನ್ನು, ಹಳೇ ಬ್ಲೂಸ್ ಗಿಟಾರು, ಕೆಳಗೆ ಎದೆ ನಡುಗಿಸೋ ಬೇಸು. ನಿಮ್ಮದು ಹಿಪ್‌ಹಾಪ್ಪಾ ಅಂತ ಕೇಳಿದವರಿಗೆ, ನಮ್ಮದು ನಾಡು ರ‍್ಯಾಪು ಅನ್ನೋ ಹಾಗೆ ಬೇರೆ ಹೆಸರನ್ನೇ ಕೊಟ್ಟ. ಹಳ್ಳಿಯವನು ಅಂತ ಬೈದರೆ ಅದನ್ನೇ ಬೋರ್ಡಾಗಿ ನೇತುಹಾಕಿಕೊಂಡ! 1996ರ ‘ರೈಡಿನ್ ಡರ್ಟಿ’ ಇವರ ಅತಿ ಒಳ್ಳೆ ಆಲ್ಬಂ ಅಂತ ಹೆಚ್ಚಿನವರ ಮಾತು.

ದಕ್ಷಿಣದ ಊರುಗಳಲ್ಲಿ ದೂರ ಜಾಸ್ತಿ, ಕಾರಿಲ್ಲದೆ ಬದುಕಿಲ್ಲ. ಅದಕ್ಕೇ ಇವರ ಸಂಗೀತ ಕಾರಿನೊಳಗೆ ಕೇಳೋಕೆ ಅಂತಲೇ ಕಟ್ಟಿದ್ದು. ವ್ಯಾಪಾರವೂ ಕಾರಿನಿಂದಲೇ! ಡಿಕ್ಕಿ ತುಂಬ ಕ್ಯಾಸೆಟ್ಟು ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕಿ ಬರೋದು. ನ್ಯೂ ಆರ್ಲಿಯನ್ಸ್‌ನ ಮಾಸ್ಟರ್ ಪಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1997ರಲ್ಲಿ ‘ಐಯಾಮ್ ಬೌಟ್ ಇಟ್’ ಅಂತ ಸ್ವಂತ ಸಿನಿಮಾ ಮಾಡಿ, ಥಿಯೇಟರಿನವರ ಕಾಲು ಹಿಡಿಯದೆ ನೇರ ವಿಡಿಯೋ ಕ್ಯಾಸೆಟ್ಟಿನಲ್ಲಿ ಮಾರಿದ. ಭಲೇ ಅನ್ನಬೇಕೋ ಬೇಡವೋ?

ಸೆಲ್ಲು ವೀಕಾದ ಟೇಪ್‌ರೆಕಾರ್ಡರ್

ನಮ್ಮ ಮನೇಲಿ ಅಪ್ಪನ ಟೇಪ್‌ರೆಕಾರ್ಡರ್ ಇತ್ತು. ಸೆಲ್ಲು ವೀಕಾದಾಗ ಅಣ್ಣಾವ್ರ ಹಾಡೂ ಎಳೆದೆಳೆದು ಬರ್ತಿತ್ತು. ನಾವು ಸೆಲ್ಲು ಬಿಸಿಲಿಗೆ ಇಡ್ತಿದ್ವಿ. ಹ್ಯೂಸ್ಟನ್‌ನ ರಾಬರ್ಟ್ ಡೇವಿಸ್ ಅನ್ನೋ ಹುಡುಗ ಆ ಎಳೆತವನ್ನೇ ಕಲೆ ಮಾಡಿದ. ಜನ ಅವನನ್ನ ಕರೆದದ್ದು ಡಿಜೆ ಸ್ಕ್ರೂ.

ಎರಡು ರೆಕಾರ್ಡ್ ಪ್ಲೇಯರು, ಒಂದೇ ಹಾಡಿನ ಎರಡು ತಟ್ಟೆ. ಒಂದನ್ನ ಒಂದು ಏಟು ಹಿಂದೆ ಬಿಟ್ಟು ಮಾತನ್ನ ಮತ್ತೆ ಮತ್ತೆ ಬಡಿಸೋದು. ಆಮೇಲೆ ಎಲ್ಲವನ್ನೂ ಇಳಿಸಿ, ನಿಧಾನ ಮಾಡಿ ಕ್ಯಾಸೆಟ್ಟಿಗೆ ತುಂಬೋದು. ಆ ವೇಗದಲ್ಲಿ ಹಾಡಿನ ಒಂದೊಂದು ಅಕ್ಷರವೂ ಕೈಗೆ ಸಿಗುತ್ತೆ. ಬೂದು ಬಣ್ಣದ ಕ್ಯಾಸೆಟ್ಟಿಗಾಗಿ ಅವನ ಮನೆ ಗೇಟಿನ ಮುಂದೆ ಕಾರುಗಳ ಸಾಲು! ಇವತ್ತು ಅವನ ರೆಕಾರ್ಡುಗಳು ಹ್ಯೂಸ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ನೀವು ರಾತ್ರಿ ಇಯರ್‌ಫೋನು ಹಾಕಿಕೊಂಡು ಯೂಟ್ಯೂಬಿನಲ್ಲಿ ‘ಸ್ಲೋಡ್ ರಿವರ್ಬ್’ ಅಂತ ಹುಡುಕಿ ಪ್ರೇಮಗೀತೆ ಕೇಳ್ತೀರಲ್ಲ, ಅದರ ಮೂಲ ಹುಡುಕಿಕೊಂಡು ಹೋದ್ರೆ ಈ ಗೇಟಿಗೇ ಬರ್ತೀರಿ. 2017ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದ ‘ಮೂನ್‌ಲೈಟ್’ ನೋಡಿದ್ದೀರಾ? ಲಕೋಟೆ ಅದಲು ಬದಲಾಗಿ ವೇದಿಕೆ ಮೇಲೆ ಗೊಂದಲ ಆಯ್ತಲ್ಲ, ಅದೇ ಚಿತ್ರ. ಸಂಗೀತ ನಿರ್ದೇಶಕ ನಿಕೋಲಸ್ ಬ್ರಿಟೆಲ್ ಅದರಲ್ಲಿ ಪಿಟೀಲು, ಸೆಲ್ಲೋಗಳನ್ನೇ ಸ್ಕ್ರೂ ಮಾಡಿದ ಹಾಗೆ ಇಳಿಸಿ, ಕತ್ತರಿಸಿ ಬಳಸಿದ.

ಆಸ್ಕರ್ ವೇದಿಕೆಗೆ ಬಂದ ಮೆಂಫಿಸ್

ಈಗ ಬರೋದು ನಮ್ಮ ಸಿನಿಮಾ ಮಂದಿಗೆ ಹಬ್ಬದೂಟ.

ಟೆನ್ನೆಸ್ಸೀ ರಾಜ್ಯದ ಮೆಂಫಿಸ್. ಅಲ್ಲಿ ‘ತ್ರೀ ಸಿಕ್ಸ್ ಮಾಫಿಯಾ’ ಅಂತ ತಂಡ. ಡಿಜೆ ಪಾಲ್, ಜೂಸಿ ಜೆ, ಲಾರ್ಡ್ ಇನ್‌ಫೇಮಸ್, ಹೆಣ್ಣು ದನಿಯಾಗಿ ಗ್ಯಾಂಗ್‌ಸ್ಟಾ ಬೂ. ಮನೆಯಲ್ಲೇ ಕ್ಯಾಸೆಟ್ಟು ಮಾಡಿ ಊರಲ್ಲಿ ಹಂಚಿ ಬೆಳೆದವರು. 1995ರಲ್ಲಿ ಬಂದ ‘ಮಿಸ್ಟಿಕ್ ಸ್ಟೈಲ್ಸ್’ ಆಲ್ಬಂ ಕೇಳಿದರೆ ದೆವ್ವದ ಪಿಚ್ಚರಿನ ಹಿನ್ನೆಲೆ ಸಂಗೀತವೇ!

2005ರಲ್ಲಿ ಕ್ರೇಗ್ ಬ್ರೂವರ್ ನಿರ್ದೇಶನದ ‘ಹಸಲ್ ಅಂಡ್ ಫ್ಲೋ’ ಬಂತು. ಮೆಂಫಿಸ್‌ನ ಒಬ್ಬ ತಲೆಹಿಡುಕ, ರ‍್ಯಾಪ್ ಹಾಡುಗಾರ ಆಗಬೇಕು ಅಂತ ಮನೆಯ ಕೋಣೆಯಲ್ಲೇ ಸ್ಟುಡಿಯೋ ಕಟ್ಟೋ ಕಥೆ. ಯಾವ ಸ್ಟುಡಿಯೋದವರೂ ದುಡ್ಡು ಹಾಕಲಿಲ್ಲ. ನಿರ್ದೇಶಕ ಜಾನ್ ಸಿಂಗಲ್‌ಟನ್ ತನ್ನ ಕೈಯಿಂದ ಹಾಕಿ ನಿರ್ಮಾಪಕನಾದ. ನಾಯಕ ಟೆರೆನ್ಸ್ ಹೊವಾರ್ಡ್ ಹೆಸರು ಶ್ರೇಷ್ಠ ನಟನ ಆಸ್ಕರ್ ಪಟ್ಟಿಗೆ ಬಂತು. ಚಿತ್ರದ ಹಾಡಿಗೆ ಮೆಂಫಿಸ್ ಹುಡುಗರನ್ನೇ ಕರೆದಿದ್ದರು.

2006ರ ಮಾರ್ಚ್ 5. ಡಿಜೆ ಪಾಲ್, ಜೂಸಿ ಜೆ, ಫ್ರೇಸರ್ ಬಾಯ್, ಈ ಮೂವರ ಹಾಡಿಗೆ ಶ್ರೇಷ್ಠ ಗೀತೆಯ ಆಸ್ಕರ್! ಪ್ಯಾಂಟು ಶರಟು ಸಡಿಲ, ಬಾಯಲ್ಲಿ ಫಳಫಳ ಹಲ್ಲಿನ ಕವಚ, ಕೂಗಾಡುತ್ತಾ ಕುಣಿದಾಡುತ್ತಾ ವೇದಿಕೆಗೆ ನುಗ್ಗಿದರು. ನಿರೂಪಕ ಜಾನ್ ಸ್ಟೀವರ್ಟ್ ಲೆಕ್ಕ ಹಾಕಿ ಹೇಳಿದ: ಮಾರ್ಟಿನ್ ಸ್ಕಾರ್ಸೆಸಿಗೆ ಸೊನ್ನೆ ಆಸ್ಕರ್, ತ್ರೀ ಸಿಕ್ಸ್ ಮಾಫಿಯಾಕ್ಕೆ ಒಂದು! ಸ್ಕಾರ್ಸೆಸಿಗೆ ಅದು ಸಿಕ್ಕಿದ್ದು ಮರುವರ್ಷ, 2007ರಲ್ಲಿ. ಮುಂದೆ 2009ರಲ್ಲಿ ರೆಹಮಾನ್, 2023ರಲ್ಲಿ ಕೀರವಾಣಿ ಎತ್ತಿಕೊಂಡರಲ್ಲ, ಅದೇ ವಿಭಾಗದ ಪ್ರಶಸ್ತಿ ಇದು.

ಈಗ ಜೇಬಿನಿಂದ ಐಸಾಕ್ ಹೇಯ್ಸ್ ಹೆಸರು ತೆಗೀರಿ. ಆತನೂ ಮೆಂಫಿಸ್‌ನವನೇ. 1972ರಲ್ಲಿ ‘ಶಾಫ್ಟ್’ ಚಿತ್ರದ ಹಾಡಿಗೆ ಇದೇ ಆಸ್ಕರ್ ಪಡೆದಿದ್ದ. ‘ಹಸಲ್ ಅಂಡ್ ಫ್ಲೋ’ದಲ್ಲಿ ಪುಟ್ಟ ಪಾತ್ರ ಕೂಡ ಮಾಡಿದಾನೆ! ಮೂವತ್ತನಾಲ್ಕು ವರ್ಷದ ಆಚೆ ಈಚೆ, ಒಂದೇ ಊರು, ಒಂದೇ ಪ್ರಶಸ್ತಿ.

ಮಲ್ಟಿಸ್ಟಾರ್ ಮದುವೆ

2007ರಲ್ಲಿ ಇನ್ನೊಂದು ಚಮತ್ಕಾರ. ಯುಜಿಕೆ ಮತ್ತು ಔಟ್‌ಕಾಸ್ಟ್ ಸೇರಿ ಒಂದು ಹಾಡು ಮಾಡಿದರು, ‘ಇಂಟರ್‌ನ್ಯಾಷನಲ್ ಪ್ಲೇಯರ್ಸ್ ಆಂಥಮ್’. ಸಂಗೀತ ಕಟ್ಟಿದ್ದು ಮೆಂಫಿಸ್‌ನ ಡಿಜೆ ಪಾಲ್, ಜೂಸಿ ಜೆ. ಅಂದ್ರೆ ಟೆಕ್ಸಾಸ್, ಜಾರ್ಜಿಯಾ, ಟೆನ್ನೆಸ್ಸೀ ಮೂರೂ ಒಂದೇ ಪಂಕ್ತಿಯಲ್ಲಿ. ಅದರ ಮೂಲ ಧಾಟಿ 1973ರ ‘ದಿ ಮ್ಯಾಕ್’ ಚಿತ್ರಕ್ಕೆ ವಿಲ್ಲಿ ಹಚ್ ಹಾಡಿದ್ದು. ವಿಡಿಯೋದಲ್ಲಿ ಚರ್ಚಿನ ಮದುವೆ, ಆಂದ್ರೆ ಮದುಮಗ. ಗೆಳೆಯರೆಲ್ಲ ಬೇಡ ಕಣೋ ಅಂತ ತಡೆಯೋ ತಮಾಷೆ. ಬೇಜಾರಾದಾಗಲೆಲ್ಲ ನಾನು ನೋಡೋ ವಿಡಿಯೋ ಅದು.

ಆದ್ರೆ ಅದೇ ಡಿಸೆಂಬರ್ 4ಕ್ಕೆ ಪಿಂಪ್ ಸಿ ಲಾಸ್ ಏಂಜಲೀಸಿನ ಹೋಟೆಲು ಕೋಣೆಯಲ್ಲಿ ಹೆಣವಾಗಿ ಸಿಕ್ಕಿದ. ವಯಸ್ಸು 33. ಕೆಮ್ಮಿನ ಔಷಧಿ, ಜೊತೆಗೆ ನಿದ್ದೆಯಲ್ಲಿ ಉಸಿರು ಕಟ್ಟೋ ಕಾಯಿಲೆ. ಡಿಜೆ ಸ್ಕ್ರೂ 2000ದಲ್ಲೇ ಹೋಗಿದ್ದ, 29ಕ್ಕೆ. ಅವನದೂ ಕೊಡೀನ್ ಕಥೆಯೇ. ಆ ಸಿರಪ್ಪನ್ನ ಸೋಡಾಕ್ಕೆ ಬೆರೆಸಿ ಕುಡಿಯೋದನ್ನ ಹಾಡಿನಲ್ಲಿ ಹೊಗಳಿದ್ದೇ ಹೊಗಳಿದ್ದು. ಕೊನೆಗೆ ಅದೇ ನುಂಗಿತು. ನನ್ನ ಜೊತೆ ಪಿಯುಸಿ ಓದಿದ ಒಬ್ಬ ಮೆಡಿಕಲ್ ಶಾಪಿನ ಬಾಟಲಿ ಹಿಡಿದವನು ಇವತ್ತಿಗೂ ಮನುಷ್ಯನಾಗಿಲ್ಲ. ಅವರ ಅಮ್ಮನನ್ನ ನೋಡಿದ್ದೀನಿ, ಅದಕ್ಕೇ ಇಷ್ಟು ಬರೆದೆ. ನಿಮಗೆ ಗೊತ್ತಿರೋ ಬಾಟಲಿ ಇದ್ದರೆ ಚರಂಡಿಗೆ ಸುರೀರಿ.

ತಪ್ಪು ಬೇರೆಯೂ ಇತ್ತು. ಹೆಣ್ಣುಮಕ್ಕಳ ಬಗ್ಗೆ ಇವರು ಬರೆದ ಎಷ್ಟೋ ಸಾಲನ್ನ ಅಕ್ಕ ತಂಗಿ ಎದುರು ಕೇಳೋಕಾಗಲ್ಲ. ಮಯಾಮಿಯ ‘ಟೂ ಲೈವ್ ಕ್ರೂ’ ತಂಡದ ರೆಕಾರ್ಡನ್ನ 1990ರಲ್ಲಿ ಒಬ್ಬ ನ್ಯಾಯಾಧೀಶ ಅಶ್ಲೀಲ ಅಂತ ತೀರ್ಪು ಕೊಟ್ಟ, ಮಾರಿದ ಅಂಗಡಿಯವನನ್ನ ಪೊಲೀಸರು ಹಿಡಿದರು. 1992ರಲ್ಲಿ ಮೇಲಿನ ಕೋರ್ಟು ಆ ತೀರ್ಪು ತಳ್ಳಿಹಾಕಿತು. ಅದೇ ತಂಡ 1994ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದಿತು, ಹಳೇ ಹಾಡನ್ನ ಅಣಕ ಮಾಡೋ ಹಕ್ಕಿಗಾಗಿ ಹೋರಾಡಿ. ಕೋರ್ಟಿನಲ್ಲಿ ಗೆದ್ದ ಮಾತ್ರಕ್ಕೆ ಹಾಡು ಒಳ್ಳೇದಾಗಲ್ಲ, ಹಾಡು ಕೆಟ್ಟದು ಅಂತ ಹಾಡುವವನನ್ನ ಜೈಲಿಗೆ ಹಾಕೋದೂ ಸರಿಯಲ್ಲ. ನನ್ನ ಅಭಿಪ್ರಾಯ ಇಷ್ಟೇ.

ಮಣ್ಣಿನ ನೆಲಮಾಳಿಗೆ

ಆ ಛೀಮಾರಿ ತಿಂದ ಹುಡುಗರು ಏನಾದರು ಅಂತ ಹೇಳಲೇ ಇಲ್ಲವಲ್ಲ!

ಔಟ್‌ಕಾಸ್ಟ್ ತಯಾರಾದದ್ದು ರಿಕೋ ವೇಡ್ ಅನ್ನೋ ಸಂಗೀತಗಾರನ ತಾಯಿ ಮನೆಯ ಕೆಳಗಿನ ಮಣ್ಣು ನೆಲದ ಮಾಳಿಗೆಯಲ್ಲಿ. ಅದಕ್ಕೆ ಅವರಿಟ್ಟ ಹೆಸರು ‘ಡಂಜನ್’, ಅಂದ್ರೆ ಕತ್ತಲಕೋಣೆ. ಅಲ್ಲೇ ‘ಗೂಡಿ ಮಾಬ್’ ತಂಡವೂ ಬೆಳೆಯಿತು. ನ್ಯೂಯಾರ್ಕಿನಿಂದ ವಾಪಸ್ಸು ಬಂದ ಔಟ್‌ಕಾಸ್ಟ್ 1996ರ ಆಲ್ಬಂಗೆ ಇಟ್ಟ ಹೆಸರು ‘ಎಟಿಲಿಯನ್ಸ್’. ಅಟ್ಲಾಂಟಾ ಮತ್ತು ಏಲಿಯನ್, ಎರಡೂ ಸೇರಿಸಿದ ಪದ. ಹೊರಗಿನವರು ಅಂದ್ರಾ? ಹಾಗಾದ್ರೆ ನಾವು ಬೇರೆ ಗ್ರಹದವರೇ ಹೋಗ್ರಪ್ಪ ಅಂದ ಹಾಗೆ! 2004ರಲ್ಲಿ ವರ್ಷದ ಆಲ್ಬಂಗೆ ಕೊಡೋ ಗ್ರ್ಯಾಮಿ ಇವರಿಗೇ ಬಂತು. 2006ರಲ್ಲಿ ‘ಐಡಲ್‌ವೈಲ್ಡ್’ ಚಿತ್ರದಲ್ಲಿ ಇಬ್ಬರೂ ನಾಯಕರಾದರು. 2025ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೂ ಸೇರಿದರು. ರಿಕೋ ವೇಡ್ ಮಾತ್ರ ಅದನ್ನ ನೋಡಲಿಲ್ಲ, 2024ರಲ್ಲಿ ಕಣ್ಣು ಮುಚ್ಚಿದ. ಬನ್ ಬಿ 2011ರಲ್ಲಿ ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರ ಜೊತೆ ನಿಂತು ಪಾಠ ಮಾಡಿದ.

ಆ ನೀರು ನಮ್ಮ ಬೆಂಗಳೂರಿಗೂ ಹರಿಯಿತು. ಹನುಮಾನ್‌ಕೈಂಡ್ ಅಂತ ಕೇಳಿದ್ದೀರಿ ತಾನೇ? ಸೂರಜ್ ಚೆರುಕಾಟ್. ಕೇರಳದಲ್ಲಿ ಹುಟ್ಟಿ, ಹ್ಯೂಸ್ಟನ್‌ನಲ್ಲಿ ಬೆಳೆದು, ಬೆಂಗಳೂರಿಗೆ ಬಂದು ಹೆಸರು ಮಾಡಿದವನು. 2024ರ ‘ಬಿಗ್ ಡಾಗ್ಸ್’ನಲ್ಲಿ ಆ ಟೆಕ್ಸಾಸ್ ಬೇಸು, ಮೆಂಫಿಸ್ ಮಂದಿಯ ನೆನಪು ಎಲ್ಲ ಇದೆ. ಆದ್ರೆ ವಿಡಿಯೋ ತೆಗೆದದ್ದು ಎಲ್ಲಿ? ಜಾತ್ರೆಯಲ್ಲಿ ಗುಂಡನೆ ಮರದ ಬಾವಿಯೊಳಗೆ ಬೈಕು, ಕಾರು ಓಡಿಸ್ತಾರಲ್ಲ, ಅಲ್ಲಿ! ಅಮೆರಿಕದವರು ಬಾಯಿ ಬಿಟ್ಟುಕೊಂಡು ನೋಡಿದ್ದು ನಮ್ಮ ಜಾತ್ರೆಯನ್ನ.

ತಮ್ಮನಿಗೆ ಒಂದು ಮಾತು

ಈಗ ನನ್ನ ನಿದ್ದೆ ಕೆಟ್ಟ ವಿಷಯ. ನಾನು ಹೊಸದುರ್ಗದ ಕಡೆಯವನು. ನಮ್ಮ ಬಾಯಲ್ಲಿ ‘ಹ’ ನಿಲ್ಲಲ್ಲ. ಐದಾರು ವರ್ಷದ ಹಿಂದೆ ವಿಡಿಯೋದಲ್ಲಿ ಸಿನಿಮಾ ಸುದ್ದಿ ಓದೋ ಕೆಲಸಕ್ಕೆ ಒಂದು ಕಡೆ ಹೋಗಿದ್ದೆ. ಕ್ಯಾಮರಾ ಮುಂದೆ ನಿಂತು ‘ಹೊಸ ಹಾಡು’ ಅನ್ನೋ ಬದಲು ‘ಒಸ ಆಡು’ ಅಂದೆ. ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. “ಆಡು ಕಾಯೋಕೆ ಹೋಗಪ್ಪ” ಅಂದ ಒಬ್ಬ. ನಾನೂ ಅವರ ಜೊತೆ ನಕ್ಕೆ. ಅದೇ ನನ್ನ ತಪ್ಪು. ಆಮೇಲೆ ಎರಡು ವರ್ಷ ಪುಸ್ತಕದ ಕನ್ನಡ ಮಾತಾಡಿದೆ. ಊರಿಗೆ ಹೋದಾಗ ಅವ್ವನ ಜೊತೆಯೂ ಹಾಗೇ ಮಾತಾಡಿದ್ದೆ. “ಏನ್ಲಾ, ಯಾವನೋ ಸಾಹೇಬ ಬಂದಂಗೈತೆ” ಅಂದಿದ್ದಳು. ಅದೇ ಬೇಸರದ ದಿನಗಳಲ್ಲಿ ಆ 1995ರ ವಿಡಿಯೋ ನೋಡಿದ್ದು.

ತಮ್ಮಾ, ನಿನ್ನ ಭಾಷೆಯಲ್ಲೇ ಹಾಡಿದರೆ ಗೆದ್ದೇ ಗೆಲ್ತೀಯ ಅಂತ ನಾನು ಸುಳ್ಳು ಹೇಳಲ್ಲ. ಅದೇ ಮೆಂಫಿಸ್‌ನಲ್ಲಿ, ಹ್ಯೂಸ್ಟನ್‌ನಲ್ಲಿ ಹಾಡಿ ಹೆಸರಿಲ್ಲದೆ ಹೋದವರು ಎಷ್ಟೋ ಜನ ಇದ್ದಾರು. ಆದ್ರೆ ಒಂದು ಲೆಕ್ಕ ನೋಡು. ಮೇಲೆ ಬರೆದ ಒಬ್ಬನೂ ನ್ಯೂಯಾರ್ಕಿನವರ ಹಾಗೆ ಮಾತಾಡೋದು ಕಲಿತು ಗೆದ್ದಿದ್ದಲ್ಲ. ಕಸುಬು ಮಾತ್ರ ಚೆನ್ನಾಗಿ ಕಲಿತರು. ತಾಳ ಕಲಿತರು, ರೆಕಾರ್ಡಿಂಗು ಕಲಿತರು, ಮಾರೋದು ಕಲಿತರು. ನೀನೂ ಅದನ್ನ ಕಲಿ. ತಾಳ ತಪ್ಪಿದರೆ ತಿದ್ದಿಕೋ. ಮಾತು ತಿದ್ದಿಕೊಳ್ಳೋಕೆ ಹೋಗಬೇಡ.

ಮುಂದಿನ ಪತ್ರದ ಜೊತೆ ಹಾಡನ್ನೂ ಮೊಬೈಲಿನಲ್ಲಿ ರೆಕಾರ್ಡು ಮಾಡಿ ಕಳಿಸು. ಚೆನ್ನಾಗಿದ್ದರೆ ಇದೇ ಪುಟದಲ್ಲಿ ಬರೀತೀನಿ, ಚೆನ್ನಾಗಿಲ್ಲದಿದ್ರೂ ಬರೀತೀನಿ, ಬೇಜಾರು ಮಾಡ್ಕೋಬೇಡ!

ಮುಂದಿನ ವಾರ ಗಾಂಧಿನಗರದಲ್ಲೇ ಸಿಗೋಣ. ಆ ಚೆಕ್ಕಿನ ಕಥೆ ಬಾಕಿ ಇದೆ.